ಒಳಗೇ ಉಬ್ಬಿಸಿದರೆ ಕಥೆ ಅಲ್ಲಿಗೇ ಮುಗಿಯಿತು

ಕಾರವಾರದೆದುರು ಕಡಲಿಗೆ ವಿಮಾನ ಬೀಳುವ ಈ ಕಾದಂಬರಿಯಲ್ಲಿ ನಾಯಕ ಸೀಟಿನಲ್ಲೇ ಲೈಫ್ ಜಾಕೆಟ್ ಉಬ್ಬಿಸಿಕೊಳ್ಳುವುದನ್ನು ವಿಮರ್ಶಕರು ‘ಸಮಯಪ್ರಜ್ಞೆ’ ಎಂದಿದ್ದಾರೆ. ಅಲ್ಲ ಸ್ವಾಮಿ, ಅದು ಸಾಯುವ ದಾರಿ. ನೀರು ನುಗ್ಗಿದಾಗ ಉಬ್ಬಿದ ಜಾಕೆಟ್ ಮನುಷ್ಯನನ್ನು ಚಾವಣಿಗೆ ಒತ್ತಿ ಹಿಡಿಯುತ್ತದೆ. ಬಾಗಿಲು ನೀರಿನಡಿ, ಮುಳುಗಿ ಹೋಗೋಣವೆಂದರೆ ಜಾಕೆಟ್ ಬಿಡುವುದಿಲ್ಲ. 1996ರಲ್ಲಿ ಹಿಂದೂ ಮಹಾಸಾಗರದ ಕೊಮೊರೊಸ್ ದ್ವೀಪಗಳ ಬಳಿ ಕಡಲಿಗಿಳಿದ ಇಥಿಯೋಪಿಯನ್ ವಿಮಾನದಲ್ಲಿದ್ದ 175 ಜನರಲ್ಲಿ 125 ಮಂದಿ ಸತ್ತರು; ಅಪ್ಪಳಿಸಿದಾಗ ಉಳಿದುಕೊಂಡಿದ್ದ ಹಲವರು ಒಳಗೆ ಸಿಕ್ಕಿಬಿದ್ದದ್ದು ಹೀಗೆಯೇ. ಪಟ್ಟಿಯನ್ನು ಸೊಂಟಕ್ಕೆ ಬಿಗಿದುಕೊಂಡು, ಬಾಗಿಲು ದಾಟುವಾಗ ಮಾತ್ರ ಕೆಂಪು ಹಿಡಿ ಎಳೆಯಬೇಕು. ಗ್ಯಾಸ್ ತುಂಬದಿದ್ದರೆ ಭುಜದ ಹತ್ತಿರದ ನಳಿಗೆಗೆ ಬಾಯಿಟ್ಟು ಊದಬೇಕು. (ಲೇಖಕರು ಆ ನಳಿಗೆಯನ್ನೇ ಸೀಟಿ ಅಂದುಕೊಂಡಂತಿದೆ!)

ಜುಲೈ ನಡುರಾತ್ರಿ ಕಾರವಾರದ ಬೈತಖೋಲ ಬಂದರಿನ ಟ್ರಾಲರ್ ಬಂದು ಎತ್ತಿಕೊಳ್ಳುವುದೂ ‘ನೈಜ’ವಂತೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಟ್ರಾಲರ್‌ಗಳು ಬಂದರಿನಲ್ಲಿ ಸಾಲುಗಟ್ಟಿ ನಿಂತಿರುತ್ತವೆ, ಬಲೆಗಳು ದಡದಲ್ಲಿ ರಿಪೇರಿಗೆ ಕೂತಿರುತ್ತವೆ. ಘಟನೆಯನ್ನು ಸೆಪ್ಟೆಂಬರಿಗೆ ತಳ್ಳಿದ್ದರೆ ಸಾಕಿತ್ತು. ಆದರೆ ಜೀವರಕ್ಷಕ ತೆಪ್ಪದ ಮೇಲ್ಹೊದಿಕೆಯಲ್ಲಿ ಮಳೆನೀರು ಹಿಡಿಯುವ ಭಾಗ ಮಾತ್ರ, ಉಪ್ಪು ತೊಳೆದ ಮೊದಲ ನೀರನ್ನು ಚೆಲ್ಲುವುದೂ ಸೇರಿ, ಅಚ್ಚುಕಟ್ಟಾಗಿದೆ.