ನಿಖರತೆಗೆಂದು ಇಟ್ಟ ಹಣ: ರೈಫಲ್‌ಗೋ, ಮದ್ದುಗುಂಡಿಗೋ?

ಐವತ್ತು ಮೀಟರ್ ದೂರದ ಗುರಿಹಲಗೆಗೆ ನಿಖರವಾಗಿ ಹೊಡೆಯುವುದನ್ನು ಕಲಿಯಬೇಕೆಂದು .22 ಲಾಂಗ್ ರೈಫಲ್ ಕಾಡತೂಸಿನ ಬೋಲ್ಟ್ ಆಕ್ಷನ್ ರೈಫಲ್ (ಪ್ರತಿ ಹೊಡೆತಕ್ಕೂ ಬೋಲ್ಟನ್ನು ಕೈಯಿಂದ ಎಳೆದು ಮುಚ್ಚುವ ರೈಫಲ್) ಕೊಳ್ಳಲು ಹೊರಟವರಿಗೆ ಹಿರಿಯ ಗುರಿಕಾರರಿಂದ ಸಾಮಾನ್ಯವಾಗಿ ಎರಡು ವಿರುದ್ಧ ಸಲಹೆಗಳು ಸಿಗುತ್ತವೆ. ಮಧ್ಯಮ ಬೆಲೆಯ ರೈಫಲ್ ಕೊಂಡು ಉಳಿದ ಹಣವನ್ನೆಲ್ಲ ಮದ್ದುಗುಂಡಿಗೆ ಇಡಿ ಎಂಬುದು ಮೊದಲನೆಯದು. ಸ್ಪರ್ಧೆಗೆಂದೇ ತಯಾರಾದ ಮ್ಯಾಚ್ ರೈಫಲ್ಲನ್ನು ಮೊದಲೇ ಕೊಳ್ಳಿ, ಇಲ್ಲವಾದರೆ ಎರಡು ಸಲ ಖರ್ಚು ಮಾಡುತ್ತೀರಿ ಎಂಬುದು ಎರಡನೆಯದು. ಮೊದಲ ಸಲಹೆಯನ್ನೇ ಪ್ರಶ್ನೆಯಾಗಿ ಇಟ್ಟುಕೊಂಡು ಎರಡೂ ಕಡೆಯ ವಾದವನ್ನು ಇಲ್ಲಿ ಮಂಡಿಸಲಾಗಿದೆ.

ಪರ: ಮಧ್ಯಮ ಬೆಲೆಯ ರೈಫಲ್ ಸಾಕು, ಹಣ ಮದ್ದುಗುಂಡಿಗಿರಲಿ

.22 ಲಾಂಗ್ ರೈಫಲ್‌ನಂಥ ರಿಮ್‌ಫೈರ್ ಕಾಡತೂಸನ್ನು ಕಾರ್ಖಾನೆಯಿಂದ ಬಂದ ಹಾಗೆಯೇ ಬಳಸಬೇಕು ಎಂಬ ಸಂಗತಿಯಿಂದಲೇ ಈ ವಾದ ಹುಟ್ಟುತ್ತದೆ. ಕಿಡಿ ಹೊತ್ತಿಸುವ ಭಾಗ ಕಾಡತೂಸಿನ ಬುಡದ ನಡುವೆ ಇರುವ ಸೆಂಟರ್‌ಫೈರ್ ರೈಫಲ್ ಬಳಸುವವರು ಖಾಲಿ ಕೋಶಕ್ಕೆ ತಾವೇ ಮದ್ದು ತೂಗಿ ತುಂಬಿ, ಗುಂಡಿನ ತೂಕವನ್ನೂ ಅದು ಕೂರುವ ಆಳವನ್ನೂ ಬದಲಿಸಿ, ತಮ್ಮ ನಳಿಕೆಗೆ ಒಪ್ಪುವ ಕಾಡತೂಸನ್ನು ಸಿದ್ಧಪಡಿಸಿಕೊಳ್ಳಬಲ್ಲರು. ರಿಮ್‌ಫೈರ್‌ನಲ್ಲಿ ಕಿಡಿ ಹೊತ್ತಿಸುವ ಪ್ರೈಮರ್ ಮಿಶ್ರಣವು ಕೋಶದ ಅಂಚಿನ ಮಡಿಕೆಯೊಳಗೆ ಹರಡಿಕೊಂಡಿರುತ್ತದೆ ಮತ್ತು ಹೊಡೆಯುವ ಪಿನ್ನು ಆ ಅಂಚನ್ನೇ ಜಜ್ಜುವುದರಿಂದ ಕೋಶವು ಮರುಬಳಕೆಗೆ ಉಳಿಯುವುದಿಲ್ಲ. ಮಿಶ್ರಣವು ಅಂಚಿನ ಸುತ್ತ ಎಷ್ಟು ಸಮನಾಗಿ ಹರಡಿದೆ, ಅಂಚಿನ ದಪ್ಪ ಒಂದೊಂದು ಕಾಡತೂಸಿನಲ್ಲಿ ಎಷ್ಟು ಬೇರೆಯಾಗಿದೆ, ಸೀಸದ ಗುಂಡಿನ ಬುಡ ಎಷ್ಟು ನೇರವಾಗಿದೆ ಎಂಬುದೆಲ್ಲ ಕಾರ್ಖಾನೆಯಲ್ಲೇ ತೀರ್ಮಾನವಾಗಿಹೋಗಿರುತ್ತದೆ. ಕೊಳ್ಳುವವರ ಕೈಯಲ್ಲಿ ಉಳಿಯುವುದು ಆಯ್ಕೆ ಮಾತ್ರ, ಮತ್ತು ಆ ಆಯ್ಕೆಗೆ ಹಣ ಬೇಕು.

ಈ ವ್ಯತ್ಯಾಸದ ಪರಿಣಾಮವನ್ನು ಸರಳ ಲೆಕ್ಕದಿಂದ ತಿಳಿಯಬಹುದು. ಸ್ಟ್ಯಾಂಡರ್ಡ್ ವೇಗದ .22 ಗುಂಡು ಸುಮಾರು 2.6 ಗ್ರಾಂ ತೂಗುತ್ತದೆ ಮತ್ತು ಸೆಕೆಂಡಿಗೆ ಸುಮಾರು 325ರಿಂದ 330 ಮೀಟರ್ ವೇಗದಲ್ಲಿ ನಳಿಕೆಯನ್ನು ಬಿಡುತ್ತದೆ. ಐವತ್ತು ಮೀಟರ್ ತಲುಪುವಷ್ಟರಲ್ಲಿ ಗುರುತ್ವದಿಂದ ಅದು ಸುಮಾರು 12 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಒಂದೇ ಪೆಟ್ಟಿಗೆಯ ಎರಡು ಕಾಡತೂಸುಗಳ ವೇಗದಲ್ಲಿ ಸೆಕೆಂಡಿಗೆ 10 ಮೀಟರ್ ಅಂತರವಿದ್ದರೆ, ಬೇರೇನೂ ಬದಲಾಗದಿದ್ದರೂ ಎರಡು ತೂತುಗಳ ನಡುವೆ ಸುಮಾರು 7 ಮಿಲಿಮೀಟರ್ ಮೇಲುಕೆಳಗಾಗುತ್ತದೆ. ನೂರು ಮೀಟರ್‌ನಲ್ಲಿ ಅದು ಸುಮಾರು 3 ಸೆಂಟಿಮೀಟರ್‌ಗೆ ಬೆಳೆಯುತ್ತದೆ. ಅಂತರರಾಷ್ಟ್ರೀಯ ಸ್ಪರ್ಧೆಗಳ 50 ಮೀಟರ್ ರೈಫಲ್ ಗುರಿಯಲ್ಲಿ ಹತ್ತು ಅಂಕ ಕೊಡುವ ನಡುವಿನ ವೃತ್ತದ, ಅಂದರೆ ಹತ್ತರ ವೃತ್ತದ, ವ್ಯಾಸವೇ 10.4 ಮಿಲಿಮೀಟರ್ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಈ ಏರಿಳಿತವನ್ನು ಎಷ್ಟೇ ಬೆಲೆಬಾಳುವ ರೈಫಲ್ ಕೂಡ ಪೂರ್ತಿಯಾಗಿ ಅಳಿಸಲಾರದು.

ಹೈ ವೆಲಾಸಿಟಿ ಎಂದು ಮಾರಾಟವಾಗುವ, ಸೆಕೆಂಡಿಗೆ 380 ಮೀಟರ್‌ನಷ್ಟು ವೇಗದ ಕಾಡತೂಸುಗಳು ಉತ್ತಮವೆಂದು ಹೊಸಬರು ಭಾವಿಸುವುದುಂಟು. ಆ ಗುಂಡು ಶಬ್ದದ ವೇಗಕ್ಕಿಂತ ಮುಂದೆ ಹೊರಟು, ದಾರಿಯಲ್ಲಿ ಶಬ್ದದ ವೇಗಕ್ಕಿಂತ ಕೆಳಗಿಳಿಯುವಾಗ ಗಾಳಿಯ ಒತ್ತಡ ಬದಲಾಗಿ ತುಸು ತೂರಾಡುತ್ತದೆ. ನಿಖರತೆಗೆ ನಿಧಾನದ ಗುಂಡೇ ಮೇಲು. ಎಲಿ ಟೆನೆಕ್ಸ್, ಲಾಪುವಾ ಸೆಂಟರ್‌-ಎಕ್ಸ್, ಆರ್‌ಡಬ್ಲ್ಯುಎಸ್ ಆರ್50 ಮುಂತಾದ ಸ್ಪರ್ಧಾ ಕಾಡತೂಸುಗಳೆಲ್ಲ ಶಬ್ದಕ್ಕಿಂತ ಕಡಿಮೆ ವೇಗದವೇ ಆಗಿವೆ.

ಇನ್ನು ರೈಫಲ್ಲಿನ ಮಾತು. ಹಿಂದೆ ಅಗ್ಗದ ರೈಫಲ್ ಎಂದರೆ ಗಡುಸಾದ ಟ್ರಿಗರ್ ಮತ್ತು ಸಡಿಲ ಜೋಡಣೆ ಎಂಬುದು ಬಹುಮಟ್ಟಿಗೆ ನಿಜವಾಗಿತ್ತು. ಈಗ ಹಾಗಿಲ್ಲ. ಸ್ಯಾವೇಜ್ ಕಂಪನಿ ಈ ಶತಮಾನದ ಮೊದಲ ವರ್ಷಗಳಲ್ಲಿ ತಂದ ಆಕ್ಯುಟ್ರಿಗರ್, ಎಳೆತದ ಭಾರವನ್ನು ಬಳಕೆದಾರರೇ ಸುರಕ್ಷಿತವಾಗಿ ಹೊಂದಿಸಿಕೊಳ್ಳಬಹುದಾದ ಟ್ರಿಗರ್ ಸಾಧಾರಣ ಬೆಲೆಯಲ್ಲೂ ಸಾಧ್ಯವೆಂದು ತೋರಿಸಿತು. ಅದರ ಮಾರ್ಕ್ 2 ಮಾದರಿಯಲ್ಲೂ ಇದೇ ಟ್ರಿಗರ್ ದೊರೆಯುತ್ತದೆ. ಚೆಕ್ ದೇಶದ ಸಿಝಡ್ 457 ಮತ್ತು ಫಿನ್‌ಲೆಂಡಿನ ಟಿಕ್ಕಾ ಟಿ1ಎಕ್ಸ್ ಎರಡೂ ಸುತ್ತಿಗೆ ಬಡಿತದಿಂದ ರೂಪಿಸಿದ ನಳಿಕೆಯನ್ನೂ ಹೊಂದಿಸಬಲ್ಲ ಟ್ರಿಗರನ್ನೂ ಹೊಂದಿವೆ. ಸಿಝಡ್ 457ರ ನಳಿಕೆಯನ್ನು ಎರಡು ಸ್ಕ್ರೂಗಳು ಹಿಡಿದಿರುವುದರಿಂದ ಮುಂದೆ ಬೇಕೆನಿಸಿದರೆ ಉತ್ತಮ ನಳಿಕೆಯನ್ನು ಮಾಲೀಕರೇ ಜೋಡಿಸಿಕೊಳ್ಳಬಹುದು. ಟಿಕ್ಕಾಕ್ಕೆ ಅದೇ ಕಂಪನಿಯ ದೊಡ್ಡ ಟಿ3ಎಕ್ಸ್ ರೈಫಲ್ಲಿನ ಸ್ಟಾಕ್‌ಗಳು (ಭುಜಕ್ಕೂ ಕೆನ್ನೆಗೂ ಆನಿಸುವ ಹಿಡಿಕೆಯ ಭಾಗ) ಹೊಂದುತ್ತವೆ. ಈ ದರ್ಜೆಯ ರೈಫಲ್ಲಿಗೆ ಅದು ಒಪ್ಪುವ ಕಾಡತೂಸು ಸಿಕ್ಕಿದರೆ, ಆಸರೆಯ ಮೇಲಿಟ್ಟು ಐವತ್ತು ಮೀಟರ್‌ಗೆ ಹೊಡೆದ ಐದು ಗುಂಡುಗಳು ಒಂದು ಸಣ್ಣ ನಾಣ್ಯದ ಅಗಲದೊಳಗೆ ಕೂಡುವುದು ಅಪರೂಪವಲ್ಲ.

ಒಪ್ಪುವ ಕಾಡತೂಸು ಎಂಬ ಮಾತಿನಲ್ಲೇ ಖರ್ಚು ಅಡಗಿದೆ. ಒಂದೇ ಹೆಸರಿನ, ಒಂದೇ ಬೆಲೆಯ ಮದ್ದುಗುಂಡಿನ ಬೇರೆ ಬೇರೆ ಲಾಟ್‌ಗಳು, ಅಂದರೆ ಒಂದೊಂದು ಸಲ ಒಟ್ಟಿಗೆ ತಯಾರಾದ ಕಂತುಗಳು, ಒಂದೇ ನಳಿಕೆಯಲ್ಲಿ ಬೇರೆ ಬೇರೆ ಫಲ ಕೊಡುತ್ತವೆ. ಎಲಿ ಮತ್ತು ಲಾಪುವಾ ಕಂಪನಿಗಳು ಗುರಿಕಾರರ ರೈಫಲ್ಲನ್ನು ತಮ್ಮ ಪರೀಕ್ಷಾ ಕೇಂದ್ರಗಳಲ್ಲಿ ಬಿಗಿದು, ಹಲವು ಲಾಟ್‌ಗಳನ್ನು ಹೊಡೆದು ನೋಡಿ ಆರಿಸಿಕೊಳ್ಳಲು ಅವಕಾಶ ಕೊಡುವುದು ಇದೇ ಕಾರಣಕ್ಕೆ. ಅಲ್ಲಿಗೆ ಹೋಗಲಾಗದವರು ನಾಲ್ಕೈದು ಬಗೆಯ ಕಾಡತೂಸುಗಳನ್ನು ತಂದು, ಪ್ರತಿಯೊಂದರಲ್ಲೂ ಹತ್ತು ಗುಂಡಿನ ಗುಂಪುಗಳನ್ನು ಹೊಡೆದು, ಪ್ರತಿ ಗುಂಪಿನಲ್ಲಿ ಅತಿ ದೂರದ ಎರಡು ತೂತುಗಳ ಅಂತರವನ್ನು ಅಳೆಯಬೇಕು. ಒಂದು ಬಗೆಯಿಂದ ಇನ್ನೊಂದಕ್ಕೆ ಬದಲಿಸಿದಾಗ ನಳಿಕೆಯೊಳಗೆ ಹಿಂದಿನ ಗುಂಡಿಗೆ ಸವರಿದ್ದ ಮೇಣ ಉಳಿದಿರುತ್ತದೆಯಾದ್ದರಿಂದ, ಮೊದಲ ಕೆಲವು ಹೊಡೆತಗಳನ್ನು ಲೆಕ್ಕಕ್ಕೆ ಹಿಡಿಯಬಾರದು. ಮೂರು ಗುಂಡಿನ ಗುಂಪನ್ನಂತೂ ನಂಬಲೇಬಾರದು. ಸರಾಸರಿಯಲ್ಲಿ 10 ಮಿಲಿಮೀಟರ್‌ನ ಮೂರು ಗುಂಡಿನ ಗುಂಪು ಕೊಡುವ ರೈಫಲ್ಲೇ ಹತ್ತು ಗುಂಡು ಹೊಡೆದಾಗ ಸುಮಾರು 16 ಮಿಲಿಮೀಟರ್ ಕೊಡುತ್ತದೆ. ರೈಫಲ್ಲಾಗಲಿ ಗುರಿಕಾರರಾಗಲಿ ಕೆಟ್ಟಿರುವುದಿಲ್ಲ, ಸಂಭವನೀಯತೆಯ ನಿಯಮವೇ ಹಾಗಿದೆ. ಚೆನ್ನಾಗಿ ಹೊಂದಿದ ಲಾಟ್ ಸಿಕ್ಕ ದಿನ ಕೈಲಾದಷ್ಟು ಪೆಟ್ಟಿಗೆಗಳನ್ನು ಒಮ್ಮೆಲೇ ಕೊಂಡಿಟ್ಟುಕೊಳ್ಳಬೇಕು, ಏಕೆಂದರೆ ಅದೇ ಲಾಟ್ ಮತ್ತೆ ಸಿಗುವ ಭರವಸೆಯಿಲ್ಲ. ಇದೆಲ್ಲಕ್ಕೂ ಹಣ ಉಳಿದಿರಬೇಕು.

ಗಾಳಿಯನ್ನು ಓದಲು ಕಲಿಯುವುದೂ ಗುಂಡು ಖರ್ಚು ಮಾಡಿಯೇ. ಅಡ್ಡಲಾಗಿ ಬೀಸುವ, ಸೆಕೆಂಡಿಗೆ ಒಂದೇ ಮೀಟರ್ ವೇಗದ ಮಂದಗಾಳಿ ಐವತ್ತು ಮೀಟರ್‌ನಲ್ಲಿ ಈ ಗುಂಡನ್ನು ಆರೇಳು ಮಿಲಿಮೀಟರ್ ಪಕ್ಕಕ್ಕೆ ತಳ್ಳುತ್ತದೆ. ಹತ್ತರ ವೃತ್ತದ ನಟ್ಟನಡುವೆ ಬೀಳಬೇಕಿದ್ದ ಗುಂಡಿನ ಕೇಂದ್ರ ಆ ವೃತ್ತದ ಗೆರೆಯನ್ನು ದಾಟಲು ಅಷ್ಟು ಸಾಕು. ಮುಖಕ್ಕೆ ತಾಗಿದ್ದೂ ತಿಳಿಯದಷ್ಟು ನಯವಾದ ಗಾಳಿ ಅದು. ರೈಫಲ್ಲಿಗೆ ಹಣ ಸುರಿದು ತಿಂಗಳಿಗೆ ಒಂದೆರಡು ಪೆಟ್ಟಿಗೆಯಲ್ಲೇ ತೃಪ್ತಿಪಡುವವರು ಅದನ್ನು ಗುರುತಿಸಲು ಎಂದೂ ಕಲಿಯಲಾರರು.

ವಿರೋಧ: ಮೊದಲ ರೈಫಲ್ಲೇ ಮ್ಯಾಚ್ ರೈಫಲ್ ಆಗಿರಲಿ

ಮೇಲಿನ ಲೆಕ್ಕಗಳಲ್ಲಿ ತಪ್ಪಿಲ್ಲ, ಆದರೆ ಅವು ಒಂದು ಮುಖ್ಯ ಸಂಗತಿಯನ್ನು ಗಣನೆಗೆ ತೆಗೆದುಕೊಂಡಿಲ್ಲ: ಒಳ್ಳೆಯ ಕಾಡತೂಸಿನ ಗುಣ ಕಾಣಿಸಿಕೊಳ್ಳಲು ಅದಕ್ಕೆ ತಕ್ಕ ಚೇಂಬರ್, ಅಂದರೆ ನಳಿಕೆಯ ಬುಡದಲ್ಲಿ ಕಾಡತೂಸು ಕೂರುವ ಕುಳಿ, ಬೇಕು. ಸಾಮಾನ್ಯ ರೈಫಲ್ಲಿನ ಚೇಂಬರನ್ನು ಯಾವ ಕಂಪನಿಯ ಯಾವ ಕಾಡತೂಸೂ ಸರಾಗವಾಗಿ ಒಳಹೋಗಿ ಹೊರಬರುವಂತೆ ತುಸು ಸಡಿಲವಾಗಿ ಕೊರೆದಿರುತ್ತಾರೆ. ಗುಂಡು ನಳಿಕೆಯ ಸುರುಳಿಗೆರೆಗಳನ್ನು ಮುಟ್ಟುವ ಮೊದಲು ಸ್ವಲ್ಪ ದೂರ ಆಧಾರವಿಲ್ಲದೆ ಸಾಗಬೇಕಾಗುತ್ತದೆ ಮತ್ತು ಆ ಅಲ್ಪ ಅಂತರದಲ್ಲಿ ಮೆತ್ತಗಿನ ಸೀಸವು ಓರೆಯಾಗಿ ಗೆರೆಗಳನ್ನು ಹೊಕ್ಕರೆ ಮುಂದಿನ ಐವತ್ತು ಮೀಟರ್ ಉದ್ದಕ್ಕೂ ಆ ಓರೆ ಉಳಿಯುತ್ತದೆ. ಮ್ಯಾಚ್ ಚೇಂಬರ್ ಬಿಗಿಯಾಗಿದ್ದು, ಬೋಲ್ಟ್ ಮುಚ್ಚುವಾಗಲೇ ಗುಂಡಿನ ಮೈಯನ್ನು ಸುರುಳಿಗೆರೆಗಳಿಗೆ ಒತ್ತಿ ನಳಿಕೆಯ ನೇರಕ್ಕೆ ಕೂರಿಸುತ್ತದೆ. ಸಡಿಲ ಚೇಂಬರಿಗೆ ಟೆನೆಕ್ಸ್ ಹಾಕಿದರೆ ಕೊಟ್ಟ ಹಣದ ಒಂದು ಪಾಲು ಗುರಿಯನ್ನು ಮುಟ್ಟುವುದೇ ಇಲ್ಲ. ಸಿಝಡ್ ಕಂಪನಿ ಕೂಡ ತನ್ನ 457ರ ಕೆಲವು ಮಾದರಿಗಳನ್ನು ಮಾತ್ರ ಮ್ಯಾಚ್ ಚೇಂಬರಿನೊಂದಿಗೆ ತಯಾರಿಸುತ್ತದೆ, ಮತ್ತು ಅವುಗಳ ಬೆಲೆ ಮೂಲ ಮಾದರಿಗಿಂತ ಹೆಚ್ಚು.

ಇದಕ್ಕಿಂತಲೂ ಗಂಭೀರವಾದುದು ಕಲಿಕೆಯ ವಿಷಯ. .22 ಗುಂಡು ನಳಿಕೆಯೊಳಗೆ ಎರಡರಿಂದ ಮೂರು ಮಿಲಿಸೆಕೆಂಡ್ ಇರುತ್ತದೆ, ಇದು ವೇಗದ ಸೆಂಟರ್‌ಫೈರ್ ಗುಂಡು ತೆಗೆದುಕೊಳ್ಳುವ ಸಮಯದ ಸುಮಾರು ಎರಡು ಪಟ್ಟು. ಟ್ರಿಗರ್ ಬಿಡುಗಡೆಯಾದ ಮೇಲೆ ಪಿನ್ನು ಅಂಚನ್ನು ತಲುಪುವ ಸಮಯವನ್ನೂ ಇದಕ್ಕೆ ಸೇರಿಸಿದರೆ, ಗುರಿಕಾರರ ಬೆರಳಿನ ಎಳೆತ, ಭುಜದ ಬಿಗಿತ, ಉಸಿರಿನ ಅಲುಗಾಟ ಎಲ್ಲವೂ ಗುಂಡಿನ ದಾರಿಯನ್ನು ಬದಲಿಸಲು ಬೇಕಾದಷ್ಟು ಅವಕಾಶ ಪಡೆಯುತ್ತವೆ. ಮ್ಯಾಚ್ ರೈಫಲ್ಲಿನ ಭಾರ, ಎರಡು ಹಂತದ ಹಗುರ ಟ್ರಿಗರ್, ಕೆನ್ನೆಗೂ ಭುಜಕ್ಕೂ ತಕ್ಕಂತೆ ಏರಿಸಿ ಇಳಿಸಬಹುದಾದ ಸ್ಟಾಕ್, ಇವೆಲ್ಲ ಈ ಅವಕಾಶವನ್ನು ಕಿರಿದು ಮಾಡಲೆಂದೇ ಇವೆ. ಇವನ್ನು ಐಷಾರಾಮವೆಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ. ಸ್ಟಾಕ್ ತನಗೆ ಹೊಂದದಿದ್ದರೆ ಕಲಿಯುವವರು ಕುತ್ತಿಗೆಯನ್ನು ಸೊಟ್ಟ ಮಾಡಿ ಗುರಿ ನೋಡುವುದನ್ನು ರೂಢಿಸಿಕೊಳ್ಳುತ್ತಾರೆ, ಮತ್ತು ಆ ರೂಢಿಯನ್ನು ಬಿಡಿಸಲು ತರಬೇತುದಾರರು ಪಡುವ ಪಾಡು ಹೊಸದಾಗಿ ಕಲಿಸುವುದಕ್ಕಿಂತ ಹೆಚ್ಚಿನದು.

ಗುಂಡು ಎಂಟರ ವೃತ್ತಕ್ಕೆ ಬಿದ್ದಿತು ಎಂದುಕೊಳ್ಳೋಣ. ತಪ್ಪು ಯಾರದು? ರೈಫಲ್ಲಿನ ಮೇಲೆ ಪೂರ್ಣ ನಂಬಿಕೆಯಿದ್ದರೆ ಉತ್ತರ ತಕ್ಷಣ ಸಿಗುತ್ತದೆ: ಗಾಳಿಯನ್ನು ತಪ್ಪಾಗಿ ಓದಿದೆ, ಅಥವಾ ಟ್ರಿಗರನ್ನು ಎಳೆದು ಕಿತ್ತೆ. ರೈಫಲ್ಲೇ ಸಂಶಯಾಸ್ಪದವಾಗಿದ್ದರೆ ಪ್ರತಿ ಕೆಟ್ಟ ಹೊಡೆತಕ್ಕೂ ಹತ್ತು ಕಾರಣಗಳು ಹುಟ್ಟಿಕೊಳ್ಳುತ್ತವೆ, ಸ್ಕ್ರೂಗಳ ಬಿಗಿತ ಸಾಲದೇನೋ, ಸ್ಟಾಕ್ ನಳಿಕೆಗೆ ತಾಗುತ್ತಿದೆಯೇನೋ, ಈ ಲಾಟ್ ಒಪ್ಪುತ್ತಿಲ್ಲವೇನೋ ಎಂದು ಹುಡುಕುತ್ತಲೇ ಅಭ್ಯಾಸದ ಸಮಯ ಕಳೆಯುತ್ತದೆ. ಸಾವಿರಾರು ಗುಂಡುಗಳ ಅಭ್ಯಾಸವನ್ನು ಎದುರು ವಾದ ಹೊಗಳುತ್ತದೆ. ಪ್ರತಿ ಗುಂಡಿನಿಂದಲೂ ಸ್ಪಷ್ಟ ಉತ್ತರ ಸಿಗದ ಅಭ್ಯಾಸಕ್ಕೆ ಎಷ್ಟು ಗುಂಡು ಸುರಿದರೂ ಫಲ ಕಡಿಮೆ.

ಬೆಲೆಯ ಪ್ರಶ್ನೆಗೆ ಬರೋಣ. ಮಧ್ಯಮ ಬೆಲೆಯ ರೈಫಲ್ಲಿಗೆ ಮುಂದೆ ಉತ್ತಮ ನಳಿಕೆ, ಉತ್ತಮ ಸ್ಟಾಕ್ ಜೋಡಿಸಿಕೊಳ್ಳಬಹುದು ಎಂಬುದು ಅದರ ಹೆಗ್ಗಳಿಕೆಯಾಗಿ ಹೇಳಲ್ಪಟ್ಟಿದೆ. ನಳಿಕೆ, ಸ್ಟಾಕ್, ಟ್ರಿಗರ್ ಎಲ್ಲವನ್ನೂ ಒಂದೊಂದಾಗಿ ಬದಲಿಸಿದವರ ಒಟ್ಟು ಖರ್ಚು ಬಹುಪಾಲು ಸಂದರ್ಭಗಳಲ್ಲಿ ಮ್ಯಾಚ್ ರೈಫಲ್ಲಿನ ಬೆಲೆಯ ಹತ್ತಿರಕ್ಕೇ ಬಂದು ನಿಲ್ಲುತ್ತದೆ, ಮತ್ತು ಮಾರುವ ದಿನ ಆ ಬಿಡಿಭಾಗಗಳಿಗೆ ಕೊಟ್ಟ ಹಣ ಹಿಂದಿರುಗುವುದಿಲ್ಲ. ಹೆಸರಾಂತ ಮ್ಯಾಚ್ ರೈಫಲ್ಲಿನ ಬೆಲೆಯಾದರೋ ವರ್ಷಗಳು ಕಳೆದರೂ ಹೆಚ್ಚು ಕುಸಿಯುವುದಿಲ್ಲ. ಒಬ್ಬರು ಎಷ್ಟು ಬಂದೂಕುಗಳನ್ನು ಇಟ್ಟುಕೊಳ್ಳಬಹುದೆಂಬುದಕ್ಕೆ ಕಾನೂನಿನ ಮಿತಿಯಿರುವ ದೇಶಗಳಲ್ಲಂತೂ ಒಂದನ್ನು ಕೊಂಡು, ಮಾರಿ, ಇನ್ನೊಂದನ್ನು ಕೊಳ್ಳುವುದು ಪರವಾನಗಿಯ ಅಲೆದಾಟವನ್ನು ಮತ್ತೊಮ್ಮೆ ಹೇರಿಕೊಂಡಂತೆ.

ಹೊಸ ಮ್ಯಾಚ್ ರೈಫಲ್ ಎಲ್ಲರ ಕೈಗೆಟುಕುವುದಿಲ್ಲ ಎಂಬುದು ನಿಜ. ಆದರೆ ಬಳಸಿದ್ದನ್ನು ಏಕೆ ಕೊಳ್ಳಬಾರದು? .22 ಲಾಂಗ್ ರೈಫಲ್ ಕಾಡತೂಸಿನ ಒತ್ತಡ ಬಹುಪಾಲು ಆಧುನಿಕ ಸೆಂಟರ್‌ಫೈರ್ ರೈಫಲ್ ಕಾಡತೂಸುಗಳ ಒತ್ತಡದ ಅರ್ಧಕ್ಕಿಂತ ಕಡಿಮೆ, ಮದ್ದಿನ ಪ್ರಮಾಣ ಅತ್ಯಲ್ಪ, ಗುಂಡು ಮೇಣ ಸವರಿದ ಸೀಸದ್ದು. ಆದ್ದರಿಂದ ನಳಿಕೆ ಬಹಳ ನಿಧಾನವಾಗಿ ಸವೆಯುತ್ತದೆ. ಜರ್ಮನಿಯ ಆನ್‌ಶುಟ್ಜ್ ಕಂಪನಿಯ ಮ್ಯಾಚ್ 54 ಆಕ್ಷನ್ (ಬೋಲ್ಟ್ ಕೂರುವ, ಹೊಡೆತ ನಡೆಸುವ ಯಂತ್ರಭಾಗ) 1950ರ ದಶಕದ್ದು. ಅದರ ಮೇಲೆ ಕಟ್ಟಿದ, ದಶಕಗಳಷ್ಟು ಹಳೆಯ ರೈಫಲ್ಲುಗಳು ಇಂದಿಗೂ ಶೂಟಿಂಗ್ ಕ್ಲಬ್ಬುಗಳಲ್ಲಿ ಅಂಕ ಗಳಿಸುತ್ತಿವೆ. ಅಂಥದ್ದನ್ನು ಕೊಳ್ಳುವಾಗ ಮೊದಲು ನೋಡಬೇಕಾದುದು ನಳಿಕೆಯ ತುದಿಯ ಅಂಚನ್ನು: ಶುಚಿಗೊಳಿಸುವ ಕಡ್ಡಿಯನ್ನು ತುದಿಯಿಂದ ತೂರಿಸಿ ಅಜಾಗರೂಕತೆಯಿಂದ ಉಜ್ಜಿದವರು ಅದನ್ನು ಹಾಳುಮಾಡಿರುತ್ತಾರೆ. ಆಮೇಲೆ ಚೇಂಬರಿನ ಮುಂದಿನ ಭಾಗ. ಪ್ರೈಮರ್ ಮಿಶ್ರಣದಲ್ಲಿ ಬೆರೆಸುವ ಗಾಜಿನ ಪುಡಿ ಅಲ್ಲಿ, ಅದರಲ್ಲೂ ಕೆಳಬದಿಯಲ್ಲಿ, ಲೋಹವನ್ನು ಕೆರೆಯುತ್ತ ಬರುತ್ತದೆ. ಲಕ್ಷಗಟ್ಟಲೆ ಗುಂಡು ಕಂಡ ನಳಿಕೆಯಲ್ಲಿ ಆ ಸವಕಲು ಒರಟಾಗಿ ಕಾಣುತ್ತದೆ. ಸ್ಟಾಕ್ ಮೇಲಿನ ಗೀರುಗಳಿಗೂ ಬಣ್ಣ ಮಾಸಿದ್ದಕ್ಕೂ ಬೆಲೆ ಇಳಿಸಿ ಕೇಳಬಹುದು, ಹೊಡೆತಕ್ಕೆ ಅವುಗಳಿಂದ ಯಾವ ತೊಂದರೆಯೂ ಇಲ್ಲ.

ಹೊಲ-ಗುಡ್ಡಗಳಲ್ಲಿ ಹೊತ್ತು ತಿರುಗಲು, ಬಗೆಬಗೆಯ ಭಂಗಿಗಳಲ್ಲಿ ಚುರುಕಾಗಿ ಹೊಡೆಯಲು ಬೇಕೆನ್ನುವವರಿಗೆ ಐದಾರು ಕಿಲೋ ತೂಗುವ ಮ್ಯಾಚ್ ರೈಫಲ್ ಹೊರೆಯೇ ಸರಿ. ಅವರು ಮೊದಲ ವಾದವನ್ನೇ ಅನುಸರಿಸಲಿ. ಕಾಗದದ ಗುರಿಯೊಂದೇ ಮನಸ್ಸಿನಲ್ಲಿರುವವರು, ಹೊಸ ಮಧ್ಯಮ ಬೆಲೆಯ ರೈಫಲ್ಲಿಗೆಂದು ಇಟ್ಟ ಮೊತ್ತಕ್ಕೆ ಸ್ವಲ್ಪ ಸೇರಿಸಿ, ತುದಿಯೂ ಚೇಂಬರೂ ಸರಿಯಿರುವ ಹಳೆಯ ಮ್ಯಾಚ್ ರೈಫಲ್ ಹುಡುಕಬೇಕು. ಅದರ ಜೊತೆಗೆ ಟೆನೆಕ್ಸ್ ಬೇಕೆಂದಿಲ್ಲ. ಎಸ್‌ಕೆ ಸ್ಟ್ಯಾಂಡರ್ಡ್ ಪ್ಲಸ್‌ನಂಥ ಅಭ್ಯಾಸದ ಕಾಡತೂಸಿನ ಎರಡು ಮೂರು ಲಾಟ್‌ಗಳನ್ನು ಹೊಡೆದು ನೋಡಿ, ಅವುಗಳಲ್ಲಿ ಉತ್ತಮವಾದುದನ್ನು ಪೆಟ್ಟಿಗೆಗಟ್ಟಲೆ ತಂದಿಟ್ಟುಕೊಂಡರೆ ಮೊದಲ ಕೆಲವು ವರ್ಷಗಳ ಕಲಿಕೆಗೆ ಬೇರೇನೂ ಬೇಕಾಗುವುದಿಲ್ಲ. ದುಬಾರಿ ಕಾಡತೂಸು ಸ್ಪರ್ಧೆಗೆ ಇಳಿಯುವ ವರ್ಷ ಬರಲಿ.