ಪರ್ಕಿನ್ಸ್‌ನನ್ನು ಕಳಿಸಿದ್ದು ನನಗೆ ಇವತ್ತಿಗೂ ಅರಗಿಲ್ಲ

ಈಗಿನ ಹುಡುಗರಿಗೆ ಕೆಂಡ್ರಿಕ್ ಪರ್ಕಿನ್ಸ್ ಅಂದರೆ ಟಿವಿಯಲ್ಲಿ ಕೂತು ಬಾಸ್ಕೆಟ್‌ಬಾಲ್ ಬಗ್ಗೆ ದೊಡ್ಡ ದನಿಯಲ್ಲಿ ವಾದ ಮಾಡುವ ಮನುಷ್ಯ, ಅಷ್ಟೇ. ಅವನು ಹೇಗೆ ಆಡುತ್ತಿದ್ದ ಅನ್ನುವುದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಗೊತ್ತಿದೆ ಅನ್ನುವವರು ಫೋನ್ ತೆಗೆದು ಅಂಕಿ ತೋರಿಸುತ್ತಾರೆ. ಮ್ಯಾಚಿಗೆ ಹತ್ತು ಪಾಯಿಂಟ್, ಏಳೆಂಟು ರೀಬೌಂಡ್ (ಗುರಿ ತಪ್ಪಿ ಪುಟಿದ ಚೆಂಡು ಹಿಡಿಯುವುದು). ಇಂಥವನನ್ನು ಅಮೆರಿಕದ ಎನ್‌ಬಿಎ ಲೀಗಿನ ಬಾಸ್ಟನ್ ಸೆಲ್ಟಿಕ್ಸ್ ತಂಡ ಬಿಟ್ಟುಕೊಟ್ಟಿದ್ದರಲ್ಲಿ ಏನು ಮಹಾ ಕಳೆದುಹೋಯಿತು ಅಂತ ಕೇಳುತ್ತಾರೆ. ಮೊನ್ನೆ ಆಫೀಸಿನಲ್ಲಿ ಊಟದ ಹೊತ್ತಿಗೆ ಒಬ್ಬ ಇದೇ ಮಾತಾಡಿದ. ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷವಾದರೂ ಆ ಸಿಟ್ಟು ಇಳಿದಿಲ್ಲ. ಇಳಿಯುವುದೂ ಬೇಡ.

2011ರ ಫೆಬ್ರವರಿ 24. ಸೆಲ್ಟಿಕ್ಸ್ ಆಗ 41 ಪಂದ್ಯ ಗೆದ್ದು 14 ಸೋತಿತ್ತು. ಲೀಗಿನ ಪೂರ್ವ ಭಾಗವಾದ ಈಸ್ಟರ್ನ್ ಕಾನ್ಫರೆನ್ಸಿನಲ್ಲಿ ಮೊದಲನೇ ಸ್ಥಾನ. ಅಂಥ ತಂಡದ ಸೆಂಟರನ್ನು, ಅಂದರೆ ರಿಂಗಿನ ಹತ್ತಿರ ನಿಂತು ಕಾಯುವ ದೊಡ್ಡ ಮೈಯವನನ್ನು, ಸೀಸನ್ನಿನ ನಡುವೆ, ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವ ಟ್ರೇಡಿನ ಗಡುವಿನ ದಿನ, ಒಕ್ಲಹೋಮ ಸಿಟಿ ಥಂಡರ್‌ಗೆ ಕೊಟ್ಟುಬಿಟ್ಟರು. ಜೊತೆಗೆ ನೇಟ್ ರಾಬಿನ್ಸನ್‌ನನ್ನೂ ಕಳಿಸಿದರು. ಬದಲಿಗೆ ಬಂದದ್ದು ಜೆಫ್ ಗ್ರೀನ್, ನೆನಾದ್ ಕ್ರಸ್ಟಿಚ್ ಮತ್ತು ಮೊದಲ ಸುತ್ತಿನ ಒಂದು ಡ್ರಾಫ್ಟ್ ಪಿಕ್, ಅಂದರೆ ಹೊಸ ಆಟಗಾರನೊಬ್ಬನನ್ನು ಆರಿಸಿಕೊಳ್ಳುವ ಹಕ್ಕು. ನಮಗೆ ಇಲ್ಲಿ ನಡುರಾತ್ರಿ ದಾಟಿತ್ತು. ಬೆಳಿಗ್ಗೆ ಎದ್ದು ಸುದ್ದಿ ನೋಡಿದಾಗ ಯಾರೋ ಸುಳ್ಳು ಹಬ್ಬಿಸಿದ್ದಾರೆ ಅಂತಲೇ ಅನಿಸಿತು. ಗೆಲ್ಲುತ್ತಿರುವ ತಂಡದ ಬೆನ್ನುಮೂಳೆಯನ್ನು ಯಾರಾದರೂ ತಾವಾಗಿಯೇ ಕಿತ್ತು ಹಾಕುತ್ತಾರಾ?

ಸೆಲ್ಟಿಕ್ಸ್ ಪರ ಪಂದ್ಯ ಶುರುಮಾಡುತ್ತಿದ್ದ ಆ ಐವರನ್ನು ನೆನಪು ಮಾಡಿಕೊಳ್ಳಿ. ರಾಜನ್ ರಾಂಡೊ, ರೇ ಆಲೆನ್, ಪಾಲ್ ಪಿಯರ್ಸ್, ಕೆವಿನ್ ಗಾರ್ನೆಟ್, ಪರ್ಕಿನ್ಸ್. 2007-08ರಲ್ಲಿ ಈ ಐವರು ಸೇರಿ 66 ಪಂದ್ಯ ಗೆದ್ದರು. ಫೈನಲ್ಸಿನಲ್ಲಿ ಲಾಸ್ ಏಂಜಲೀಸ್ ಲೇಕರ್ಸ್ ಮೇಲೆ ಆರನೇ ಪಂದ್ಯವನ್ನು 131-92ರಿಂದ ಗೆದ್ದು ಚಾಂಪಿಯನ್ ಆದರು. 2009ರಲ್ಲಿ ಗಾರ್ನೆಟ್ ಮೊಣಕಾಲು ಕೈಕೊಟ್ಟಿತು, ಒರ್ಲ್ಯಾಂಡೊ ಎದುರು ಸೋತರು. 2010ರಲ್ಲಿ ಪರ್ಕಿನ್ಸ್ ಮೊಣಕಾಲು ಹೋಯಿತು, ಲೇಕರ್ಸ್ ಎದುರು ಸೋತರು. ಐವರೂ ಗಟ್ಟಿಯಾಗಿ ನಿಂತು ಆಡಿದಾಗ ಸೀಸನ್ ಕೊನೆಯ ನಾಕೌಟ್ ಹಂತವಾದ ಪ್ಲೇಆಫ್‌ನಲ್ಲಿ (ಮೊದಲು ನಾಲ್ಕು ಪಂದ್ಯ ಗೆದ್ದವರಿಗೆ ಸರಣಿ) ಒಂದೇ ಒಂದು ಸರಣಿ ಸೋತಿಲ್ಲ. ಒಂದೂ ಇಲ್ಲ. ಇದಕ್ಕಿಂತ ದೊಡ್ಡ ಅಂಕಿ ಯಾವುದು ಬೇಕು?

ನಾನು ಕಾಲೇಜಿನಲ್ಲಿ ಸೆಂಟರ್ ಜಾಗದಲ್ಲೇ ಆಡಿದವನು. ಅಲ್ಲಿ ನಿಲ್ಲುವವನ ಪಾಡು ಏನು ಅಂತ ಗೊತ್ತು. ಮೈ ಕೊಡಬೇಕು, ಏಟು ತಿನ್ನಬೇಕು, ಚೆಂಡು ಮಾತ್ರ ಕೈಗೆ ಸಿಗುವುದಿಲ್ಲ. ಅದಕ್ಕೇ ನಾನು ಸೆಲ್ಟಿಕ್ಸ್ ಪಂದ್ಯ ನೋಡುವಾಗ ಚೆಂಡನ್ನು ಬಿಟ್ಟು ಪರ್ಕಿನ್ಸ್‌ನ ಕಾಲು ನೋಡುತ್ತಿದ್ದೆ.

ಒರ್ಲ್ಯಾಂಡೊ ತಂಡದ ಡ್ವೈಟ್ ಹೊವಾರ್ಡ್ ಎದುರು ಪರ್ಕಿನ್ಸ್ ಆಡಿದ್ದನ್ನು ಒಮ್ಮೆ ಹಾಕಿ ನೋಡಿ. ಹೊವಾರ್ಡ್ ಆಗ ಇಡೀ ಲೀಗಿನಲ್ಲೇ ಬಲಶಾಲಿ ಸೆಂಟರ್. ರಿಂಗಿನ ಹತ್ತಿರ ಚೆಂಡು ಸಿಕ್ಕರೆ ಮುಗಿಯಿತು, ಡಂಕ್, ಅಂದರೆ ಚೆಂಡನ್ನು ಕೈಯಿಂದಲೇ ರಿಂಗಿನೊಳಕ್ಕೆ ತುರುಕುತ್ತಿದ್ದ. ಎಲ್ಲ ತಂಡಗಳೂ ಅವನ ಮೇಲೆ ಇಬ್ಬರನ್ನು ಬಿಡುತ್ತಿದ್ದವು. ಇಬ್ಬರು ಹೋದ ಕೂಡಲೇ ಹೊರಗೆ ಒಬ್ಬ ಖಾಲಿ. ಅವನು ತ್ರೀ ಪಾಯಿಂಟ್ ಹಾಕುತ್ತಿದ್ದ. ಒರ್ಲ್ಯಾಂಡೊ ಆಟವೆಲ್ಲ ನಿಂತಿದ್ದೇ ಇದರ ಮೇಲೆ. ಪರ್ಕಿನ್ಸ್ ಏನು ಮಾಡುತ್ತಿದ್ದ? ಚೆಂಡು ಬರುವ ಮೊದಲೇ ಹೊವಾರ್ಡ್ ಸೊಂಟದ ಹಿಂದೆ ಮುಂಗೈ ಇಟ್ಟು, ಮಂಡಿ ಬಗ್ಗಿಸಿ, ಎದೆ ಒತ್ತಿ ನಿಲ್ಲುತ್ತಿದ್ದ. ಹೊವಾರ್ಡ್ ನಿಲ್ಲಬೇಕಾದ ಜಾಗದಿಂದ ಒಂದು ಹೆಜ್ಜೆ ಹೊರಗೆ ತಳ್ಳುತ್ತಿದ್ದ. ಒಂದೇ ಹೆಜ್ಜೆ. ಅಷ್ಟರಲ್ಲಿ ಡಂಕ್ ಹೋಗಿ, ಒಂದೇ ಕೈ ಎತ್ತಿ ಎಸೆಯುವ ಕಷ್ಟದ ಹುಕ್ ಶಾಟ್ ಆಗುತ್ತಿತ್ತು. ಪರ್ಕಿನ್ಸ್ ಒಬ್ಬನೇ ಸಂಭಾಳಿಸುತ್ತಿದ್ದರಿಂದ ಉಳಿದ ನಾಲ್ವರು ತಮ್ಮ ತಮ್ಮ ಆಟಗಾರರನ್ನು ಬಿಟ್ಟು ಬರಬೇಕಿರಲಿಲ್ಲ. 2010ರ ಕಾನ್ಫರೆನ್ಸ್ ಫೈನಲ್ಸಿನಲ್ಲಿ ಒರ್ಲ್ಯಾಂಡೊವನ್ನು 4-2ರಿಂದ ಮನೆಗೆ ಕಳಿಸಿದ್ದರ ಹಿಂದೆ ಈ ಕೆಲಸ ಇತ್ತು. ಹೇಳಿ, ಆ ಒಂದು ಹೆಜ್ಜೆಯನ್ನು ಸ್ಕೋರ್ ಶೀಟಿನ ಯಾವ ಕಾಲಂನಲ್ಲಿ ಬರೆಯುತ್ತಾರೆ?

ಸ್ಕ್ರೀನ್ ವಿಷಯವೂ, ಅಂದರೆ ಜೊತೆಗಾರನಿಗಾಗಿ ಎದುರಾಳಿಗೆ ಮೈ ಅಡ್ಡ ಕೊಟ್ಟು ನಿಲ್ಲುವುದೂ, ಅಷ್ಟೇ. ರೇ ಆಲೆನ್ ರಿಂಗಿನ ಹಿಂದಿನ ಗೆರೆ, ಬೇಸ್‌ಲೈನ್ ಉದ್ದಕ್ಕೂ ಓಡಿಬಂದು ಪರ್ಕಿನ್ಸ್ ಭುಜ ಸವರಿಕೊಂಡು ಹೊರಬರುತ್ತಿದ್ದ. ಹಿಂದೆ ಬಂದ ಡಿಫೆಂಡರ್ ಗೋಡೆಗೆ ಬಡಿದ ಹಾಗೆ ನಿಂತುಬಿಡುತ್ತಿದ್ದ. ಆಲೆನ್ ಕೈಯಿಂದ ಚೆಂಡು ಹೋದ ಮೇಲೆ ಎಲ್ಲರೂ ಆಲೆನ್‌ಗೆ ಚಪ್ಪಾಳೆ ಹೊಡೆಯುತ್ತಿದ್ದರು. ಆಗಾಗ ರೆಫರಿ ಪರ್ಕಿನ್ಸ್ ಮೇಲೆ ಸೀಟಿ ಊದುತ್ತಿದ್ದ, ನಿಜ. ಅವನು ಮುಖ ಗಂಟಿಕ್ಕಿಕೊಂಡು ಹೋಗುತ್ತಿದ್ದ. ಮುಂದಿನ ಸಲ ಮತ್ತೆ ಅಷ್ಟೇ ಗಟ್ಟಿಯಾಗಿ ನಿಲ್ಲುತ್ತಿದ್ದ.

ಅವನಿಲ್ಲದಿದ್ದರೆ ಏನಾಗುತ್ತದೆ ಅನ್ನುವುದು ಟ್ರೇಡಿಗೆ ಮೊದಲೇ ಎಲ್ಲರ ಕಣ್ಣೆದುರು ನಡೆದಿತ್ತು. ನನಗೆ ಹೊಟ್ಟೆ ಉರಿಯುವುದು ಇದಕ್ಕೇ. 2010ರ ಫೈನಲ್ಸಿನಲ್ಲಿ ಸೆಲ್ಟಿಕ್ಸ್ 3-2 ಮುಂದಿತ್ತು. ಲಾಸ್ ಏಂಜಲೀಸಿನಲ್ಲಿ ಆರನೇ ಪಂದ್ಯದ ಮೊದಲ ಕ್ವಾರ್ಟರಿನಲ್ಲೇ ಪರ್ಕಿನ್ಸ್ ಬಿದ್ದ. ಬಲಗಾಲಿನ ಮಂಡಿಯ ಲಿಗಮೆಂಟ್ ಹರಿಯಿತು. ಆ ಪಂದ್ಯ ಹೋಯಿತು. ಏಳನೇ ಪಂದ್ಯದಲ್ಲಿ ಸೆಲ್ಟಿಕ್ಸ್ ಮೂರನೇ ಕ್ವಾರ್ಟರಿನಲ್ಲಿ 13 ಪಾಯಿಂಟ್ ಮುಂದಿತ್ತು. ಲೇಕರ್ಸ್‌ನ ಕೋಬಿ ಬ್ರಯಂಟ್ 24 ಶಾಟ್ ಎಸೆದು ಹಾಕಿದ್ದು ಬರೀ 6. ಆದರೂ 83-79ರಿಂದ ಸೋತರು. ಯಾಕೆ? ಲೇಕರ್ಸ್ ತಾವೇ ತಪ್ಪಿಸಿದ ಶಾಟುಗಳ ಚೆಂಡನ್ನು 23 ಸಲ ಮತ್ತೆ ಹಿಡಿದುಕೊಂಡಿತು. ಸೆಲ್ಟಿಕ್ಸ್ ಹಾಗೆ ಹಿಡಿದದ್ದು 8 ಸಲ. ಪಾವ್ ಗಸೋಲ್ ಒಬ್ಬನೇ ಒಟ್ಟು 18 ರೀಬೌಂಡ್ ತೆಗೆದ. ಪರ್ಕಿನ್ಸ್ ಜಾಗದಲ್ಲಿ ಇಳಿದ ರಶೀದ್ ವಾಲೆಸ್ ಪಾಪ, ವಯಸ್ಸಾದ ಮೈಯಲ್ಲಿ ಉಸಿರು ಕಟ್ಟಿಕೊಂಡು ಆಡಿದ. ಆದರೆ ಲೇಕರ್ಸ್‌ನ ದೈತ್ಯರಾದ ಗಸೋಲ್ ಮತ್ತು ಬೈನಮ್ ನಡುವೆ ನಿಂತು ಅವರನ್ನು ರಿಂಗಿನಿಂದ ದೂರ ಇಡುವ ಮೈ ಅಲ್ಲಿರಲಿಲ್ಲ.

ಒಂದು ಚಾಂಪಿಯನ್‌ಶಿಪ್ ಕಳೆದುಕೊಂಡು ಕಲಿತ ಪಾಠ ಅದು. ಎಂಟು ತಿಂಗಳಲ್ಲಿ ಮರೆತುಬಿಟ್ಟರು.

ಪರ್ಕಿನ್ಸ್ ತಿಂಗಳುಗಟ್ಟಲೆ ಮಂಡಿ ಸರಿಮಾಡಿಕೊಂಡು 2011ರ ಜನವರಿ ಕೊನೆಗೆ ವಾಪಸ್ ಬಂದ. ಬಂದು ಹನ್ನೆರಡು ಪಂದ್ಯ ಆಡಿದ್ದನಷ್ಟೇ. ಹದಿನೆಂಟು ತುಂಬಿದ ಹೊಸತರಲ್ಲಿ, ಹೈಸ್ಕೂಲಿನಿಂದ ನೇರವಾಗಿ ಈ ತಂಡಕ್ಕೆ ಬಂದ ಹುಡುಗ. ಆಟಗಾರನಾಗಿ ಬಾಸ್ಟನ್ನಿನಲ್ಲೇ ಬೆಳೆದವನು. ಗಾರ್ನೆಟ್ ನೆರಳಲ್ಲಿ ಡಿಫೆನ್ಸ್ ಕಲಿತವನು, ರಾಂಡೊಗೆ ಒಡಹುಟ್ಟಿದವನ ಹಾಗಿದ್ದವನು. ಅಂಥವನನ್ನು ಕಳಿಸಿದರೆ ಉಳಿದ ನಾಲ್ವರ ಮನಸ್ಸಿಗೆ ಏನಾಗುತ್ತದೆ ಅಂತ ಜನರಲ್ ಮ್ಯಾನೇಜರ್ ಡ್ಯಾನಿ ಏಂಜ್ ಒಂದು ಕ್ಷಣವಾದರೂ ಯೋಚಿಸಬೇಕಿತ್ತು, ಅಲ್ವಾ? ಅವರೂ ಅದೇ ಸೆಲ್ಟಿಕ್ಸ್ ಅಂಗಿ ತೊಟ್ಟು 1984, 1986ರಲ್ಲಿ ಚಾಂಪಿಯನ್ ಆದವರು. ಡ್ರೆಸಿಂಗ್ ರೂಮ್ ಅಂದರೆ ಏನು ಅಂತ ಅವರಿಗೆ ಹೊರಗಿನವರು ಹೇಳಿಕೊಡಬೇಕಾ?

ಅವರ ಲೆಕ್ಕವೂ ನನಗೆ ಗೊತ್ತು. ಲೀಗಿನ ದೊಡ್ಡ ತಾರೆ ಲೆಬ್ರಾನ್ ಜೇಮ್ಸ್ ಎದುರಾಳಿ ಮಯಾಮಿ ತಂಡಕ್ಕೆ ಹೋಗಿದ್ದ. ಪಿಯರ್ಸ್‌ಗೆ ಬದಲಿ ಆಡುತ್ತಿದ್ದ ಮಾರ್ಕ್ವಿಸ್ ಡೇನಿಯಲ್ಸ್ ಗಾಯಗೊಂಡಿದ್ದ. ಲೆಬ್ರಾನ್‌ನನ್ನು ತಡೆಯಲು ಗ್ರೀನ್‌ನಂಥ ಎತ್ತರದ, ಓಡುವ ವಿಂಗ್ ಆಟಗಾರ (ಅಂಗಳದ ಬದಿಗಳಲ್ಲಿ ಆಡುವವನು) ಬೇಕಿತ್ತು. ಒಪ್ಪಿದೆ. ಆ ಜಾಗ ತುಂಬಲೇಬೇಕಿತ್ತು. ಅದಕ್ಕೆ ಸೆಂಟರನ್ನೇ ಯಾಕೆ ಕೊಡಬೇಕು? ಸೆಂಟರ್ ಜಾಗಕ್ಕೆ ಷಾಕ್ (ಷಕೀಲ್ ಓನೀಲ್) ಇದ್ದಾನೆ, ಜರ್ಮೇನ್ ಓನೀಲ್ ಇದ್ದಾನೆ ಅಂದರು. ಷಾಕ್‌ಗೆ ಆಗ 38 ವರ್ಷ, ಕಾಲಿನ ನೋವಿನಿಂದ ಹೊರಗೆ ಕೂತಿದ್ದ. ಜರ್ಮೇನ್ ಮಂಡಿ ಆಪರೇಷನ್ ಆಗಿತ್ತು. ಅದೇ ದಿನ ಸೆಮಿಹ್ ಎರ್ಡನ್ ಅನ್ನುವ ಇನ್ನೊಬ್ಬ ಸೆಂಟರನ್ನೂ ಕ್ಲೀವ್‌ಲ್ಯಾಂಡಿಗೆ ಕಳಿಸಿದರು. ಕುಂಟುತ್ತಿರುವ ಇಬ್ಬರನ್ನು ನಂಬಿ ಆಡಬಲ್ಲವರನ್ನೆಲ್ಲ ಕಳಿಸುವುದು ಯಾವ ಲೆಕ್ಕ? ಪರ್ಕಿನ್ಸ್‌ಗೂ ಆ ವಾರ ಎಡ ಮಂಡಿ ಉಳುಕಿತ್ತು ಅನ್ನಬಹುದು. ಅವನಿಗೆ 26 ವರ್ಷ ರೀ. ಕೆಲವೇ ವಾರಗಳಲ್ಲಿ ಥಂಡರ್‌ಗೆ ಆಡಲು ಇಳಿದ.

ಆಮೇಲೆ ಆದದ್ದು ಎಲ್ಲರಿಗೂ ಗೊತ್ತು. 41-14 ಇದ್ದ ತಂಡ ಉಳಿದ 27ರಲ್ಲಿ 15 ಗೆದ್ದು 12 ಸೋತಿತು. ಮೊದಲನೇ ಸ್ಥಾನದಿಂದ ಮೂರಕ್ಕೆ ಇಳಿಯಿತು. ಅದಕ್ಕೇ ಎರಡನೇ ಸುತ್ತಿನಲ್ಲೇ ಮಯಾಮಿ ಎದುರಾಯಿತು, ಅದೂ ಅವರ ಊರಿನಲ್ಲಿ ಶುರು. 4-1ರಿಂದ ಸೋತರು. ಷಾಕ್ ಎರಡು ಪಂದ್ಯದಲ್ಲಿ ಸ್ವಲ್ಪ ಹೊತ್ತು ಇಳಿದ, ಅಷ್ಟರಲ್ಲಿ ಅವನ ವೃತ್ತಿಜೀವನವೇ ಮುಗಿಯಿತು.

ಮಯಾಮಿಯಲ್ಲಿ ದೊಡ್ಡ ಸೆಂಟರೇ ಇರಲಿಲ್ಲ, ಪರ್ಕಿನ್ಸ್ ಇದ್ದು ಏನು ಮಾಡುತ್ತಿದ್ದ ಅಂತ ಕೇಳುವವರಿದ್ದಾರೆ. ಮೂರನೇ ಪಂದ್ಯದಲ್ಲಿ ರಾಂಡೊ ಮೊಣಕೈ ಕೀಲು ತಪ್ಪಿದ್ದೂ ದೊಡ್ಡ ಪೆಟ್ಟೇ, ಇಲ್ಲ ಅನ್ನುವುದಿಲ್ಲ. ಆದರೆ ಮಯಾಮಿಯ ಲೆಬ್ರಾನ್, ವೇಡ್ ಇಬ್ಬರೂ ರಿಂಗಿನ ಕಡೆ ನುಗ್ಗಿಯೇ ಬದುಕುವವರು. ಅಲ್ಲಿ ಹೋದರೆ ಮೈ ನೋಯುತ್ತದೆ ಅನ್ನುವ ಭಯ ಬೇಡವಾ? ಮೊದಲನೇ ಸ್ಥಾನ ಉಳಿಸಿಕೊಂಡಿದ್ದರೆ ಮಯಾಮಿಯನ್ನು ಎರಡನೇ ಸುತ್ತಿನಲ್ಲಿ ಎದುರಿಸುವ ಪ್ರಮೇಯವೇ ಬರುತ್ತಿರಲಿಲ್ಲ.

ಬಂದವರ ಕಥೆ? ಕ್ರಸ್ಟಿಚ್ ಆ ಸೀಸನ್ ಮುಗಿಸಿ ಮಾಸ್ಕೋಗೆ ಆಡಲು ಹೋದ. ಗ್ರೀನ್‌ಗೆ ಹೃದಯದ ಆಪರೇಷನ್ ಆಗಿ ಇಡೀ 2011-12 ಹೋಯಿತು. ಅದು ಅವನ ತಪ್ಪಲ್ಲ, ವಾಪಸ್ ಬಂದು ಆಡಿದ್ದೇ ದೊಡ್ಡದು. ಆ ಡ್ರಾಫ್ಟ್ ಪಿಕ್ಕಿನಲ್ಲಿ ಫ್ಯಾಬ್ ಮೆಲೊ ಬಂದ, ಬೆರಳೆಣಿಕೆಯ ಪಂದ್ಯ ಆಡಿ ಹೋದ. ಅತ್ತ ಥಂಡರ್ ಪರ್ಕಿನ್ಸ್‌ನನ್ನು ಇಟ್ಟುಕೊಂಡು 2012ರಲ್ಲಿ ಫೈನಲ್ಸ್ ಆಡಿತು.

ಕೊನೆಗೆ ಎಲ್ಲರೂ ಹೇಳುವ ಮಾತು ದುಡ್ಡಿನದು. ಬಾಸ್ಟನ್ 4 ವರ್ಷಕ್ಕೆ ಸುಮಾರು 2 ಕೋಟಿ 20 ಲಕ್ಷ ಡಾಲರ್ ಕೊಡಲು ಬಂದಿತ್ತು, ಅವನು ಒಪ್ಪಲಿಲ್ಲ. ಥಂಡರ್ ಕೆಲವೇ ದಿನದಲ್ಲಿ 3 ಕೋಟಿ ದಾಟಿಸಿ ಸಹಿ ಹಾಕಿಸಿಕೊಂಡಿತು. ಒಪ್ಪಂದ ಮುಗಿದು ಹೇಗೂ ಬೇಸಿಗೆಯಲ್ಲಿ ಬಿಟ್ಟು ಹೋಗುತ್ತಿದ್ದ, ಬರಿಗೈಯಲ್ಲಿ ಕೂರುವ ಬದಲು ಏನೋ ಒಂದು ಸಿಕ್ಕಿತಲ್ಲ ಅನ್ನುತ್ತಾರೆ. ಹೋಗುವುದಾದರೆ ಫೈನಲ್ಸ್ ನಡೆಯುವ ಜೂನ್ ಮುಗಿಸಿ ಹೋಗಲಿ ಸ್ವಾಮಿ! ಪಿಯರ್ಸ್, ಗಾರ್ನೆಟ್, ಆಲೆನ್ ಮೂವರೂ ಮೂವತ್ತು ದಾಟಿದವರು. ಅವರಿಗೆ ಇದ್ದದ್ದು ಇನ್ನೊಂದೆರಡು ಸೀಸನ್. ಅಂಥವರ ಮುಂದೆ ನಾಳೆಯ ಲೆಕ್ಕ ಯಾಕೆ ತೆಗೆದಿರಿ? ಆ ಐವರಿಗೆ ಇನ್ನೊಂದು ಏಪ್ರಿಲ್, ಇನ್ನೊಂದು ಮೇ ಕೊಡಬೇಕಿತ್ತು. ಸೋತಿದ್ದರೆ ಅವರೇ ಸೋಲುತ್ತಿದ್ದರು. ನಾನು ಒಂದು ಮಾತೂ ಆಡುತ್ತಿರಲಿಲ್ಲ.