ಬೇಕಿದ್ದದ್ದು ಒಂದು, ತಂದದ್ದು ಓಆರ್‌ಎಸ್

ಮೊನ್ನೆ ಸಂಜೆ ಬಿಪಿ ಮಾತ್ರೆ ತರೋಣ ಅಂತ ನಮ್ಮ ಬೀದಿಯ ಮೆಡಿಕಲ್ ಶಾಪಿಗೆ ಹೋಗಿದ್ದೆ. ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗ ಆಗಲೇ ನಿಂತಿದ್ದ. 'ನೀವು ಮೊದಲು ತಗೊಳ್ಳಿ ಅಂಕಲ್' ಅಂದ. ನನ್ನ ಹಿಂದೆ ಬಂದ ಹೆಂಗಸಿಗೂ 'ನೀವು ತಗೊಳ್ಳಿ ಆಂಟಿ' ಅಂದ. ಈ ಕಾಲದಲ್ಲೂ ಇಂಥ ಸಂಸ್ಕಾರವಂತರು ಇದ್ದಾರಲ್ಲ ಅಂತ ಖುಷಿಪಟ್ಟೆ. ಆಮೇಲೆ ನೋಡಿದರೆ ಅವನ ಕಣ್ಣು ಗಾಜಿನ ಕಪಾಟಿನ ಮೂಲೆಯಲ್ಲಿದ್ದ ಬಣ್ಣಬಣ್ಣದ ಡಬ್ಬಿಗಳ ಮೇಲಿತ್ತು. ಜನ ಕರಗಲಿಲ್ಲ. ಕೊನೆಗೆ ಒಂದು ಓಆರ್‌ಎಸ್ ಪೊಟ್ಟಣ ತಗೊಂಡು ಹೊರಟುಹೋದ.

ಅದೇ ಅಂಗಡಿಯವರು ಹಿಂದಿನ ವಾರ ಒಬ್ಬ ಹಿರಿಯರಿಗೆ, 'ಮೂಲವ್ಯಾಧಿ ಮುಲಾಮು ಒಳಗಡೆ ಹಚ್ಚೋದಾ, ಹೊರಗಡೆ ಹಚ್ಚೋದಾ?' ಅಂತ ಬಸ್ ಸ್ಟಾಪಿಗೆ ಕೇಳುವ ಹಾಗೆ ಕೇಳಿದ್ದರು. ಅದಕ್ಕೆ ಯಾರೂ ನಾಚಲಿಲ್ಲ. ಕಾಂಡೋಮ್ ಅಂದರೆ ಮಾತ್ರ ದನಿ ಇಳಿಯುತ್ತದೆ, ಹಳೇ ಪೇಪರ್ ಹೊರಬರುತ್ತದೆ, ಅದರ ಮೇಲೊಂದು ಕಪ್ಪು ಕವರ್. ನಮ್ಮ ಬೀದಿಯಲ್ಲಿ ಹೀಗೆ ಸುತ್ತಿ ಕೊಡುವ ಸಾಮಾನು ಎರಡೇ: ಇದು, ಮತ್ತೆ ಸ್ಯಾನಿಟರಿ ಪ್ಯಾಡ್. ಹಾಗಾಗಿ ಕಪ್ಪು ಕವರ್ ಕಂಡರೆ ಸಾಕು, ಒಳಗೇನಿದೆ ಅಂತ ಇಸ್ತ್ರಿ ಅಂಗಡಿಯವನಿಗೂ ಗೊತ್ತು.

ನಾವು ಮೊದಲಿನಿಂದಲೂ ಹೀಗಿರಲಿಲ್ಲ. 1930ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ತಾನೇ ಮುಂದೆ ನಿಂತು ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಿತು. ಸರ್ಕಾರವೊಂದು ಹೀಗೆ ಮಾಡಿದ್ದು ಜಗತ್ತಿನಲ್ಲೇ ಮೊದಲು ಅನ್ನುತ್ತಾರೆ. ಪೇಟ, ಕಚ್ಚೆಪಂಚೆಯವರಿಗೆ ಆಗದ ಮುಜುಗರ ಜೀನ್ಸ್ ಹಾಕಿದ ನಮಗಾಯಿತು. 2007ರಲ್ಲಿ ಲೈಂಗಿಕ ಶಿಕ್ಷಣವೂ ಇದ್ದ ಹದಿಹರೆಯದವರ ಶಿಕ್ಷಣ ಕಾರ್ಯಕ್ರಮವನ್ನು ಶಾಲೆಯ ಗೇಟಿನಿಂದ ಆಚೆ ನಿಲ್ಲಿಸಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2017ರ ಡಿಸೆಂಬರಿನಲ್ಲಿ ಕೇಂದ್ರದವರು ಕಾಂಡೋಮ್ ಜಾಹೀರಾತು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಾತ್ರ ಬರಲಿ ಅಂತ ಟಿವಿಯವರಿಗೆ ಹೇಳಿದರು. ಹುಡುಗರು ಹತ್ತಕ್ಕೆಲ್ಲ ಹಾಲು ಕುಡಿದು ಮಲಗುತ್ತಾರೆ ಅಂತ ದೆಹಲಿಯಲ್ಲಿ ಯಾರೋ ಪಾಪ ನಂಬಿದ್ದರು.

2022ರ ನವೆಂಬರಿನದಂತೂ ನಿಮಗೆ ನೆನಪಿರಬೇಕು. ಬೆಂಗಳೂರಿನ ಕೆಲವು ಶಾಲೆಗಳಲ್ಲಿ ಮೊಬೈಲ್ ಹುಡುಕೋಣ ಅಂತ ಮಕ್ಕಳ ಬ್ಯಾಗಿಗೆ ಕೈ ಹಾಕಿದರು. ಸಿಗರೇಟು, ಲೈಟರ್, ವೈಟ್ನರ್ ಜೊತೆ ಕಾಂಡೋಮೂ ಸಿಕ್ಕಿತು. ಹೈಸ್ಕೂಲ್ ಮಕ್ಕಳು, ಅಪ್ಪ ಅಮ್ಮನಿಗೆ ಎದೆ ಝಲ್ ಅನ್ನುವುದು ಸಹಜ. ಆದರೆ ಸಿಗರೇಟಿನ ಬಗ್ಗೆ ಯಾರೂ ಜಾಸ್ತಿ ತಲೆ ಕೆಡಿಸಿಕೊಂಡ ಹಾಗೆ ಕಾಣಲಿಲ್ಲ. ಎರಡು ತಿಂಗಳಿಗೆ, ಹದಿನೆಂಟಾಗದವರಿಗೆ ಕಾಂಡೋಮ್ ಮಾರುವ ಹಾಗಿಲ್ಲವಂತೆ ಅಂತ ಸುದ್ದಿ ಹಬ್ಬಿತು. ಹಾಗೇನೂ ನಿಷೇಧ ಇಲ್ಲ ಅಂತ ಔಷಧ ನಿಯಂತ್ರಣ ಇಲಾಖೆಯೇ ಹೇಳಬೇಕಾಯಿತು. ಅಷ್ಟರಲ್ಲಿ ನಮ್ಮ ಅಂಗಡಿಯವರು ಮೀಸೆ ನೋಡಿ ವಯಸ್ಸು ಹೇಳುವುದನ್ನು ಕಲಿತಿದ್ದರು.

ಹಾಗಾದರೆ ಮಕ್ಕಳು ಕಲಿಯುವುದು ಎಲ್ಲಿ? ನಮ್ಮ ಕಾಲದ ವಿಜ್ಞಾನದ ಮೇಷ್ಟ್ರು ದಾಸವಾಳ ತಂದು ಕೇಸರ ಬಿಡಿಸಿ ತೋರಿಸಿದರು. ಹೈಡ್ರಾ ಮೊಗ್ಗು ಬಿಡುವುದನ್ನು ಬೋರ್ಡ್ ತುಂಬ ಬರೆದರು. ಮನುಷ್ಯರ ಪುಟ ಬಂದ ಕೂಡಲೇ ಕೆಮ್ಮು ಬಂತು. 'ಮುಂದಿನದು ಸುಲಭ ಇದೆ, ನೀವೇ ಓದ್ಕೊಳಿ' ಅಂದರು. ನಾನು ಇವತ್ತಿಗೂ ಹೈಡ್ರಾಗೆ ಯಾವ ತೊಂದರೆಯೂ ಆಗದಂತೆ ಸಲಹೆ ಕೊಡಬಲ್ಲೆ.

ಮಿಕ್ಕ ಪಾಠ ಪಿಜಿ ರೂಮಿನ ಸೀನಿಯರ್‌ಗಳದ್ದು. ಒಂದರ ಮೇಲೊಂದು ಎರಡು ಹಾಕಿದರೆ ಡಬಲ್ ಸೇಫ್ ಅಂತಾರೆ, ಅವು ಉಜ್ಜಿಕೊಂಡು ಹರಿಯುವುದೇ ಹೆಚ್ಚು. ಪರ್ಸಿನಲ್ಲಿ ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತಾರೆ, ಮೈಬಿಸಿಗೆ ಅದು ಹಾಳಾಗುತ್ತದೆ. 72 ಗಂಟೆಯೊಳಗಿನ ತುರ್ತು ಗರ್ಭನಿರೋಧಕ ಮಾತ್ರೆಯನ್ನು ಹುಡುಗಿ ಪೆಪ್ಪರ್‌ಮಿಂಟ್ ತರ ನುಂಗಬೇಕು, ಇವರು ಆರಾಮಾಗಿರಬೇಕು. ಆ ಮಾತ್ರೆ ಒಂದು ಸೋಂಕನ್ನೂ ತಡೆಯುವುದಿಲ್ಲ ಅನ್ನುವುದು ಸಿಲೆಬಸ್‌ನಲ್ಲೇ ಇಲ್ಲ. ಪ್ರೀತಿಯ ಪಾಠಕ್ಕೆ ಸಿನಿಮಾ ಇದೆಯಲ್ಲ. ಬೇಡ ಅಂದವಳ ಹಿಂದೆ ಎರಡೂವರೆ ಗಂಟೆ ಸುತ್ತಿದರೆ ಕ್ಲೈಮ್ಯಾಕ್ಸಿನಲ್ಲಿ ಒಪ್ಪುತ್ತಾಳೆ. ಅದನ್ನು ಅಜ್ಜಿ, ಮೊಮ್ಮಕ್ಕಳು ಸಮೇತ ಪಾಪ್‌ಕಾರ್ನ್ ತಿನ್ನುತ್ತಾ ನೋಡುತ್ತೇವೆ, ಯಾರಿಗೂ ಕೆಮ್ಮು ಬರುವುದಿಲ್ಲ.

ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆ ಅಂತಲೇ ಸ್ನೇಹ ಕ್ಲಿನಿಕ್ ಇದೆ. ಒಳ್ಳೆಯ ಹೆಸರು, ಒಳ್ಳೆಯ ಉದ್ದೇಶ. ನಾನು ಕಂಡದ್ದು ಮಾತ್ರ ಚುಚ್ಚುಮದ್ದಿನ ಸಾಲಿಗೆ ಎದುರೇ ಇತ್ತು. ಬಾಗಿಲಲ್ಲಿ ಕೂತಿದ್ದಾಕೆ ಬಂದ ಹುಡುಗನಿಗೆ ಕೇಳಿದ ಮೊದಲ ಪ್ರಶ್ನೆ, 'ಯಾರ ಮಗ ನೀನು?'

ನಿನ್ನೆ ಮತ್ತೆ ಅಂಗಡಿಗೆ ಹೋಗಿದ್ದೆ. ಅದೇ ಹುಡುಗ, ಅದೇ ಮೂಲೆ. ನಾನು ಬೇಕಂತಲೇ ದೂರ ಹೋಗಿ ಕ್ಯಾಲೆಂಡರ್ ನೋಡುತ್ತಾ ನಿಂತೆ. ಅವನು ಬಾಯಿ ತೆಗೆದ. ಆಗಲೇ ಆಂಟಿಯೊಬ್ಬರು ಒಳಗೆ ಬಂದರು.

'ಒಂದು ಓಆರ್‌ಎಸ್ ಕೊಡಿ' ಅಂದ.

ಅಂಗಡಿಯವರು ಪೊಟ್ಟಣ ಎತ್ತಿ ಕೊಡುತ್ತಾ ಬೀದಿಗೆಲ್ಲ ಕೇಳುವ ಹಾಗೆ, ನಿಜವಾದ ಕಾಳಜಿಯಿಂದ ಕೇಳಿದರು: 'ಏನಪ್ಪಾ, ಇನ್ನೂ ನಿಂತಿಲ್ವಾ?'